ಓಗೊಟ್ಟವರು

ಮೊದಲೇ ಹೇಳಿಬಿಡುತ್ತೇನೆ, ರೂಟರಿನದು ಏನೂ ತಪ್ಪಿಲ್ಲ. ಪಾಪ, ಅದು ಹೇಳಿದಷ್ಟು ಮಾಡುವ ಡಬ್ಬಿ. ಊರಿನವರು ಈಗಲೂ ಅದರ ಮೇಲೆ ಗೂಬೆ ಕೂರಿಸುತ್ತಿರಬಹುದು, ಕೂರಿಸಲಿ. ಕೇಳುವ ತಾಳ್ಮೆ ನಿಮಗಿದ್ದರೆ ಹೇಳುವ ತಾಳ್ಮೆ ನನಗೆ ಬೇಕಾದಷ್ಟಿದೆ. ಈಗ ನನಗೆ ಬೇರೆ ಕೆಲಸವೂ ಇಲ್ಲ.

ನಮ್ಮೂರಿನಲ್ಲಿ ಯಾರನ್ನೂ ಹೆಸರು ಹಿಡಿದು ಮೂರು ಸಲ ಕರೆಯುವುದಿಲ್ಲ. ಒಂದು ಸಲ ಕರೆಯುತ್ತೇವೆ, ಓಗೊಡದಿದ್ದರೆ ಇನ್ನೊಂದು ಸಲ. ಆಮೇಲೆ ಬಾಯಿ ಮುಚ್ಚಿಕೊಂಡು ಎದ್ದು ಹೋಗಿ ಹುಡುಕುತ್ತೇವೆ. ಮೂರನೇ ಸಲ ಕರೆದರೆ ಯಾರಾದರೂ ಓಗೊಟ್ಟೇ ಓಗೊಡುತ್ತಾರೆ, ಆದರೆ ಕರೆಸಿಕೊಂಡವರೇ ಓಗೊಡುತ್ತಾರೆಂದು ಹೇಳಲಾಗದು. ಓಗೊಟ್ಟವರು ಮನೆಗೆ ಬರುತ್ತಾರೆ. ಅದೇ ಮುಖ, ಅದೇ ದನಿ, ಹಣೆಯ ಮೇಲಿನ ಗಾಯದ ಗುರುತೂ ಅದೇ. ಬಂದು ಅದೇ ತಟ್ಟೆಯ ಮುಂದೆ ಕೂರುತ್ತಾರೆ. ಮೊದಲಿನವರು ಮಾತ್ರ ಮತ್ತೆ ಬರುವುದಿಲ್ಲ. ಇಂಥವರನ್ನು ನಾವು ಬಂದವರು ಎನ್ನುತ್ತೇವೆ. ಇಂಥ ಮನೆಯಲ್ಲಿ ಇಂಥವರು ಬಂದವರು ಎಂದು ಊರಿಗೆಲ್ಲ ಗೊತ್ತಿರುತ್ತದೆ, ಎದುರಿಗೆ ಯಾರೂ ಆಡುವುದಿಲ್ಲ.

ಇದಕ್ಕೆ ಹೊಂದಿಕೊಂಡೇ ಬದುಕುತ್ತೇವೆ. ನಮ್ಮ ಮಕ್ಕಳು "ಅಮ್ಮ" ಎನ್ನುವ ಮೊದಲು "ಓ" ಎನ್ನುವುದನ್ನು ಕಲಿಯುತ್ತವೆ. ಶಾಲೆಯ ಮೇಷ್ಟರು ಹಾಜರಿಯನ್ನು ಒಂದೇ ಸಲ ಕೂಗಿ ಮುಂದಕ್ಕೆ ಹೋಗುತ್ತಾರೆ. ಕಿವುಡ ಪುಟ್ಟಮಾದಯ್ಯನ ಕಾಲಿಗೆ ಅವನ ಹೆಂಡತಿ ಉದ್ದನೆ ದಾರ ಕಟ್ಟಿದ್ದಾಳೆ, ಊಟಕ್ಕೆ ಎಬ್ಬಿಸಬೇಕಾದರೆ ಒಲೆಯ ಮುಂದಿನಿಂದಲೇ ಒಂದು ಜಗ್ಗು ಜಗ್ಗುತ್ತಾಳೆ. ನಾಯಿಗಳಿಗೆ ನಾವು ಹೆಸರಿಡುವುದಿಲ್ಲ. ಹಿಂದೆ ಯಾರೋ ಇಟ್ಟಿದ್ದರಂತೆ, ಮೂರು ಸಲ ಕೂಗಿದರಂತೆ. ಬಂದದ್ದು ನಾಯಿಯೇ ಅಂತೆ, ಆದರೆ ಅದು ಬದುಕಿರುವಷ್ಟು ದಿನವೂ ಬೊಗಳಲಿಲ್ಲವಂತೆ.

ಬಂದವರು ಕೆಟ್ಟವರಲ್ಲ, ಸುಳ್ಳೇಕೆ ಹೇಳಲಿ. ಹೇಳಿದ ಕೆಲಸ ಮಾಡುತ್ತಾರೆ, ಬಡಿಸಿದ್ದನ್ನು ಉಣ್ಣುತ್ತಾರೆ, ಜಗಳ ಆಡುವುದಿಲ್ಲ. ಒಂದೇ ಒಂದು. ಅವರು ಯಾರನ್ನೂ ಕರೆಯುವುದಿಲ್ಲ. ಓಗೊಡುತ್ತಾರೆ ಅಷ್ಟೆ.

ನನ್ನ ಹೆಸರು ಸರ್ವಮಂಗಳ. ಅಪ್ಪ ಊರಿಗೆಲ್ಲ ಕೇಬಲ್ ಟಿವಿ ಎಳೆದವನು. ಅವನ ಏಣಿ, ಅವನ ತಂತಿಯ ಸುರುಳಿ, ಅವನ ಬಾಯಿ ಮೂರೂ ನನಗೇ ಬಂದವು. ಟಿವಿ ಕಾಲ ಮುಗಿದು ಇಂಟರ್‌ನೆಟ್ಟಿನ ಕಾಲ ಬಂದಾಗ ಅದನ್ನೂ ನಾನೇ ಕಲಿತೆ. ನನ್ನ ಗಂಡ ಗುರುಮಲ್ಲು ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಂಡನ ಹೆಸರು ಹೇಳುತ್ತಿದ್ದಾಳಲ್ಲ ಎಂದು ಹುಬ್ಬೇರಿಸಬೇಡಿ, ಇನ್ನು ಮುಚ್ಚಿಟ್ಟು ಆಗಬೇಕಾದ್ದೇನಿದೆ? ಅವನು ನನ್ನ ಸೋದರಮಾವನ ಮಗ, ಹೋಗೋ ಬಾರೋ ಎಂದು ಗುದ್ದಾಡಿಕೊಂಡು ಬೆಳೆದವರು ನಾವು. ಮದುವೆಯಾದ ಮೇಲೆ ಎಲ್ಲರಂತೆ ನಾನೂ "ರೀ" ಎನ್ನತೊಡಗಿದೆ. ನಮ್ಮೂರಿನ ಗಂಡಸರು ಹೆಂಡತಿಯರ ಬಾಯಿಂದ ಬಚಾವಾಗಿರುವುದೇ ಈ "ರೀ" ಯಿಂದ. ಅದು ಹೆಸರಲ್ಲವಲ್ಲ, ನೂರು ಸಲ ಕೂಗಿದರೂ ಲೆಕ್ಕಕ್ಕಿಲ್ಲ. ಅವನು ಮಾತ್ರ ಮದುವೆಯಾದ ಮೇಲೂ ನನ್ನನ್ನು "ಮಂಗಿ" ಎಂದೇ ಕರೆಯುತ್ತಿದ್ದ. ದಿನಕ್ಕೆ ಐವತ್ತು ಸಲ. ಮಂಗೀ ನೀರು, ಮಂಗೀ ಟವೆಲ್ಲು, ಮಂಗೀ ಇಲ್ಲಿ ನೋಡು ಮೋಡ. ಸಾಕಪ್ಪಾ ಸಾಕು ಅನ್ನಿಸುತ್ತಿತ್ತು.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ನನ್ನ ಇಕ್ಕಳದಲ್ಲಿ ಹುರಿದ ಹುಣಸೆಬೀಜ ಒಡೆಯುತ್ತಾ ಕೂತಿದ್ದ. ಕೇಬಲ್ಲಿನ ತುದಿಗೆ ಪಿನ್ನು ಒತ್ತುವ ಇಕ್ಕಳ ಅದು, ಅಪ್ಪನ ಕಾಲದ್ದು. ಹಲ್ಲು ಮುರಿದುಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು. ಕೋತಿ ಕೈಗೆ ಮಾಣಿಕ್ಯ ಕೊಟ್ಟಂಗಾಯ್ತು ಎಂದೆ. ಅವನೂ ಒಂದು ಅಂದ. ಮಾತಿಗೆ ಮಾತು ಬೆಳೆಯಿತು. ಅವನು ಇಕ್ಕಳ ಹಿಡಿದುಕೊಂಡೇ ಹಿತ್ತಿಲ ಬಾಗಿಲಿಂದ ದುಡುದುಡು ಹೊರಟುಹೋದ. ಹಿತ್ತಿಲಿನಲ್ಲಿ ಒಂದು ಹುಣಸೆಮರ, ಅದರಾಚೆ ಕಳ್ಳಿಯ ಬೇಲಿ, ಬೇಲಿಯಾಚೆ ಊರಿಲ್ಲ. ನಾನು ಹೊಸ್ತಿಲ ಮೇಲೆ ನಿಂತು ಕೂಗಿದೆ. "ರೀ" ಎಂದು ಕೂಗಿದ್ದರೆ ಏನಾಗುತ್ತಿತ್ತು ನನಗೆ? ಸಿಟ್ಟು ನೋಡಿ. ಚಿಕ್ಕಂದಿನಲ್ಲಿ ಕೂಗಿದ ಹಾಗೆ, "ಗುರುಮಲ್ಲೂ" ಎಂದೆ. ಉತ್ತರವಿಲ್ಲ. "ಗುರುಮಲ್ಲೂ!" ಉತ್ತರವಿಲ್ಲ. ಮೂರನೆಯದು ಬಾಯಿಂದ ಬಂದಮೇಲೆಯೇ ನನಗೆ ತಿಳಿದದ್ದು.

"ಓ, ಬಂದೆ" ಎಂದಿತು ಅವನ ದನಿ. ನನ್ನ ಬೆನ್ನ ಹಿಂದೆ, ಮುಂಬಾಗಿಲಿನಿಂದ.

ಬಂದವರು ಚಪ್ಪಲಿ ಕಳಚಿ ಒಳಗೆ ಬಂದರು. ಕೈಯಲ್ಲಿ ಇಕ್ಕಳ ಇರಲಿಲ್ಲ. ತಟ್ಟೆಯ ಮುಂದೆ ಕೂತರು. ನಾನು ಬಡಿಸಿದೆ. ಬೇರೇನು ಮಾಡಬೇಕಿತ್ತು ಹೇಳಿ? ನಮ್ಮೂರಿನ ಪದ್ಧತಿಯಂತೆ ಅದೇ ಸಂಜೆ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದೆ, ಆ ಹೆಸರನ್ನು ಮತ್ತೆ ಬಾಯಲ್ಲಿ ಆಡಲಿಲ್ಲ. ಮೊದಲಿನವನನ್ನು ನಾನು ಅವನು ಎನ್ನುತ್ತೇನೆ, ಬಂದವರನ್ನು ಅವರು ಎನ್ನುತ್ತೇನೆ. ಅವರೊಡನೆ ಆರು ವರ್ಷ ಬಾಳಿದೆ, ಒಂದು ದಿನವೂ ಏಕವಚನ ಬಾಯಿಗೆ ಬರಲಿಲ್ಲ. ಗಿರಣಿ ಚೆನ್ನಾಗಿ ನಡೆಸಿದರು. ನನಗೆ ಚಿಕುನ್‌ಗುನ್ಯಾ ಬಂದಾಗ ಕಾಲು ಒತ್ತಿದರು. ಆದರೆ ಮನೆಯಲ್ಲಿ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ದಿನಕ್ಕೆ ಐವತ್ತು ಸಲ ಕರೆಸಿಕೊಂಡು ಸಾಕಪ್ಪಾ ಎಂದವಳಿಗೆ ಆ ಮೌನ ಹೇಗಿರುತ್ತದೆ, ನೀವೇ ಊಹಿಸಿ. ಅವನು ಸಿಟ್ಟಿನಿಂದ ಓಗೊಡಲಿಲ್ಲವೋ, ಕೇಳಿಸಲಿಲ್ಲವೋ, ಅದೊಂದು ಗೊತ್ತಾಗಿದ್ದರೆ ಸಾಕಿತ್ತು ನನಗೆ.

ಇರಲಿ, ರೂಟರಿನ ವಿಷಯಕ್ಕೆ ಬರುತ್ತೇನೆ. ರೇಷನ್ ಅಂಗಡಿಯ ಶಿವನಂಜಪ್ಪ ಒಂದು ದಿನ ಹೇಳಿ ಕಳುಹಿಸಿದ. ಅಕ್ಕಿ ಕೊಡಬೇಕಾದರೆ ಹೆಬ್ಬೆಟ್ಟಿನ ಮಿಷನ್ನಿನ ಮೇಲೆ ಬೆರಳೊತ್ತಬೇಕು, ಅದು ಹೊರಗಿನ ದೊಡ್ಡ ಕಂಪ್ಯೂಟರನ್ನು ಕೇಳಿ ಹೂಂ ಅನ್ನಬೇಕು. ಬಂದವರ ಹೆಬ್ಬೆಟ್ಟನ್ನು ಅದು ಮೊದಲೆರಡು ಸಲ ಒಪ್ಪುತ್ತಿರಲಿಲ್ಲ, ಮೂರನೇ ಸಲಕ್ಕೇ ಒಪ್ಪುತ್ತಿದ್ದದ್ದು. ಅದಕ್ಕೂ ಎಲ್ಲರೂ ಒಗ್ಗಿಕೊಂಡಿದ್ದರು.

"ಮಂಗಳವ್ವ, ನೆಲದ ಕೇಬಲ್ಲು ಕೈ ಕೊಟ್ರೆ ಅಕ್ಕಿ ನಿಂತೋಯ್ತದೆ. ಜನ ನನ್ನನ್ನೇ ತಿಂದಾಕ್ತರೆ" ಎಂದ ಶಿವನಂಜಪ್ಪ. "ಇನ್ನೊಂದು ದಾರಿ ಮಾಡ್ಕೊಡು."

ನಾನು ಎರಡು ದಾರಿಯ ರೂಟರು ತಂದೆ. ಮೊದಲನೇ ತೂತಿಗೆ ನೆಲದ ಕೇಬಲ್ಲು, ಎರಡನೆಯದಕ್ಕೆ ಸಿಮ್ ಹಾಕಿದ ಪುಟ್ಟ ಡಬ್ಬಿ. ಮೊದಲನೆಯದು ಸತ್ತರೆ ಎರಡನೆಯದು ತಾನಾಗಿ ಎದ್ದು ನಿಲ್ಲಬೇಕು. ಹೊರಗಿನ ಕಂಪನಿಯಲ್ಲಿ ಪ್ರೆಸಿಲ್ಲಾ ಎಂಬ ಮೇಡಂ ಫೋನಿನಲ್ಲಿ ಒಂದೊಂದೇ ಹೇಳಿಕೊಟ್ಟರು. ಮೊದಲನೇ ದಾರಿ ಬದುಕಿದೆಯೇ ಎಂದು ತಿಳಿಯುವುದಕ್ಕೆ ರೂಟರು ಐದು ಸೆಕೆಂಡಿಗೊಮ್ಮೆ ಹೊರಗಿನ ಒಂದು ಯಂತ್ರವನ್ನು ಕರೆಯುತ್ತದೆ. ಅದು ಓಗೊಟ್ಟರೆ ಸರಿ. ಎಷ್ಟು ಸಲ ಓಗೊಡದಿದ್ದರೆ ಎರಡನೆಯದಕ್ಕೆ ಹೋಗಬೇಕು ಎಂದು ಬರೆಯುವ ಒಂದು ಖಾನೆ ಇತ್ತು. ಅದರಲ್ಲಿ ಮೊದಲೇ ಮೂರು ಎಂದಿತ್ತು.

ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದ ಶಿವನಂಜಪ್ಪ ಹಿಂದಕ್ಕೆ ಹಾರಿದ. "ಅಯ್ಯೋ ನಮ್ಮಪ್ಪ! ಮೂರಾ? ಬ್ಯಾಡ ಬ್ಯಾಡ, ಎರಡಕ್ಕೆ ನಿಲ್ಸು."

ಎರಡು ಎಂದು ಹಾಕಿದೆ. ಗಾಳಿ ಬೀಸಿದರೆ, ಎಲೆ ಅಲ್ಲಾಡಿದರೆ ರೂಟರು ಎರಡನೆಯದಕ್ಕೆ ಹಾರುತ್ತಿತ್ತು, ಇಡೀ ದಿನ ಅದನ್ನು ಆರಿಸಿ ಹಚ್ಚುವುದೇ ಆಯಿತು. ಪ್ರೆಸಿಲ್ಲಾ ಮೇಡಂ ನಕ್ಕರು. "ಮಂಗಳಕ್ಕ, ಇಷ್ಟು ಅವಸರ ಮಾಡಿದ್ರೆ ಹೇಗೆ? ಮೂರು ಇಡಿ, ಎಲ್ಲಾ ಕಡೆ ಮೂರೇ ಇಡೋದು." ಮರುದಿನ ಶಿವನಂಜಪ್ಪ ಕರ್ಪೂರ ಹಚ್ಚಿದ, ನಾನು ಕಣ್ಣು ಮುಚ್ಚಿ ಮೂರು ಒತ್ತಿದೆ. ಅದರ ಕೆಳಗೆ ಇನ್ನೊಂದು ಖಾಲಿ ಚೌಕ ಇತ್ತು. ಮೊದಲನೆಯದು ಮರಳಿದರೆ ಅದಕ್ಕೇ ಮರಳಬೇಕೇ, ಹೌದಾದರೆ ಗುರುತು ಹಾಕಿ ಎಂದು. ನಾನು ಓದಿದೆ. ಅರ್ಥವೇ ಇಲ್ಲದ ಮಾತು ಅನ್ನಿಸಿತು. ಹೋದದ್ದು ಎಲ್ಲಾದರೂ ಮರಳುತ್ತದೆಯೇ? ಗುರುತು ಹಾಕದೆ ಪುಟ ಮುಚ್ಚಿದೆ.

ತಿಂಗಳೊಪ್ಪತ್ತಿನಲ್ಲಿ ಚರಂಡಿ ತೋಡುವ ಜೆಸಿಬಿ ನೆಲದ ಕೇಬಲ್ಲನ್ನು ಕಿತ್ತುಹಾಕಿತು. ಅಂಗಡಿಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ, ಸಿಮ್ಮಿನ ಡಬ್ಬಿ ಕಣ್ಣು ಮಿಟುಕಿಸಿ ಕೆಲಸಕ್ಕೆ ನಿಂತಿತು. ಶಿವನಂಜಪ್ಪ ನನಗೆ ಬಾಳೆಹಣ್ಣು ಕೊಟ್ಟ. ಮರುದಿನವೇ ನಾನು ಕೇಬಲ್ಲು ಜೋಡಿಸಿ ಮಣ್ಣು ಮುಚ್ಚಿ ಬಂದೆ. ಆಮೇಲೆ ಅಂಗಡಿಯಲ್ಲಿ ಒಂದು ವಿಚಿತ್ರ ನಡೆಯಿತು. ಬಂದವರ ಹೆಬ್ಬೆಟ್ಟು ಒಂದೇ ಸಲಕ್ಕೆ ಒಪ್ಪತೊಡಗಿತು. ಅವರ ಮುಖಗಳಿಗೆ ಕಳೆ ಏರಿತು. ಅಕ್ಕಿ ಬೇಕಿಲ್ಲದ ದಿನವೂ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು, ಬೆರಳೊತ್ತಿ, ಮಿಷನ್ನು ಹೂಂ ಎಂದದ್ದನ್ನು ಕೇಳಿ, ಸುಮ್ಮನೆ ಹೋಗುತ್ತಿದ್ದರು. ನಮ್ಮವರೂ ಗಿರಣಿ ಬಿಟ್ಟು ಹೋಗುತ್ತಿದ್ದರು ಎಂದು ಶಿವನಂಜಪ್ಪ ಹೇಳಿದ.

ಹತ್ತೊಂಬತ್ತು ದಿನವಾದ ಮೇಲೆ ಪ್ರೆಸಿಲ್ಲಾ ಮೇಡಂ ಫೋನು ಮಾಡಿದರು.

"ಏನು ಮಂಗಳಕ್ಕ, ಇನ್ನೂ ಎರಡನೇ ದಾರಿಯಲ್ಲೇ ಇದ್ದೀರಲ್ಲ?"

"ಕೇಬಲ್ಲು ಜೋಡಿಸಿದ್ರೂ ದೀಪ ಹತ್ತಲಿಲ್ಲ, ಮೊದಲನೆಯದು ಹೋಯ್ತಲ್ಲ ಮೇಡಂ" ಎಂದೆ.

"ಎಲ್ಲಿ ಹೋಯ್ತು? ಮಾರನೇ ದಿನಾನೇ ಸರಿಯಾಗಿದೆ, ನಾನು ಇಲ್ಲಿಂದ ನೋಡ್ತಾ ಇದ್ದೀನಿ. ಹತ್ತೊಂಬತ್ತು ದಿನದಿಂದ ಅದು ಓಗೊಡ್ತಾನೇ ಇದೆ. ನೀವು ಕರೀತಾನೇ ಇಲ್ಲ."

ನಾನು ಹಿತ್ತಿಲ ಬಾಗಿಲ ಅಗುಳಿಯನ್ನೇ ನೋಡಿದೆ. ಮೇಡಂ ಇನ್ನೂ ಹೇಳುತ್ತಲೇ ಇದ್ದರು. "ಆ ಗುರುತು ಹಾಕ್ಬೇಕಿತ್ತು ಅಕ್ಕ. ಎರಡನೆಯದು ಚೆನ್ನಾಗಿ ನಡೀತಿದ್ರೂ ಮೊದಲನೆಯದನ್ನ ಕರೀತಾನೇ ಇರ್ಬೇಕು. ಕರೀದೇ ಇದ್ರೆ ಅದು ಬಂದಿರೋದು ನಮಗೆ ಹೇಗೆ ಗೊತ್ತಾಗುತ್ತೆ, ಅಲ್ವಾ?"

ರೇಷನ್ ಅಂಗಡಿಗೆ ಹೋಗಿ ಗುರುತು ಹಾಕಿದೆ. ಐದು ಸೆಕೆಂಡು, ಇನ್ನೈದು ಸೆಕೆಂಡು, ಮತ್ತೈದು. ಮೊದಲನೇ ದೀಪ ಹಸಿರಾಯಿತು, ಸಿಮ್ಮಿನ ಡಬ್ಬಿಯ ದೀಪ ಮಂಕಾಯಿತು. ಆಗ ಸಾಲಿನಲ್ಲಿ ಏಳೆಂಟು ಜನ ಇದ್ದರು. ಮುಂದೆ ನಿಂತಿದ್ದ ಬಂದವನೊಬ್ಬ ಬೆರಳೊತ್ತಿದ. ಒಪ್ಪಲಿಲ್ಲ. ಎರಡನೇ ಸಲವೂ ಒಪ್ಪಲಿಲ್ಲ. ಮೂರನೇ ಸಲವೂ ಒಪ್ಪಲಿಲ್ಲ. ಅವನು ಜಗಳ ತೆಗೆಯಲಿಲ್ಲ, ಏಕೆಂದು ಕೇಳಲಿಲ್ಲ. ಸಾಲಿನಲ್ಲಿದ್ದ ಬಂದವರೆಲ್ಲ ಒಟ್ಟಿಗೆ ತಲೆ ತಿರುಗಿಸಿ ನನ್ನನ್ನು ನೋಡಿದರು.

ಆ ಸಾಲಿನಲ್ಲಿ ಸಿದ್ದಮ್ಮನೂ ಇದ್ದಳು. ಅವಳ ಒಬ್ಬನೇ ಮಗ ಮೂವತ್ತು ವರ್ಷದಿಂದ ಬಂದವನು. ನನ್ನ ಮುಖದಲ್ಲಿ ಅವಳು ಏನು ಓದಿದಳೋ, ಹೊರಗೆ ಜಗಲಿಯ ಮೇಲೆ ಕೂರಿಸಿಕೊಂಡಳು.

"ಏನೋ ಲೆಕ್ಕ ಹಾಕ್ತಾ ಇದ್ದೀಯ ಕಣವ್ವ ನೀನು."

"ಅಜ್ಜಿ, ನಿನ್ ಮಗನ್ನ ನೀನು ಮತ್ತೆ ಯಾವತ್ತಾದ್ರೂ ಕರೆದಿದ್ಯಾ? ಹಿತ್ತಿಲಿಂದ?"

ಸಿದ್ದಮ್ಮ ಎಲೆಯಡಿಕೆ ಉಗಿದು ಬಂದು ಕೂತಳು. "ಕರೀಬಾರ್ದು. ಮನೇಲಿರೋರು ಕೇಳುಸ್ಕತ್ತರೆ."

"ಕೇಳಿಸ್ಕಂಡ್ರೆ?"

"ನಂಗೊತ್ತಿಲ್ಲ. ಯಾರೂ ಕರ್ದಿಲ್ಲ. ಅದ್ಕೇ ಗೊತ್ತಿಲ್ಲ." ಅವಳ ಕಣ್ಣು ತುಂಬಿತ್ತು. "ಇರೋದ್ರಲ್ಲಿ ಇರು ನನ್ನವ್ವ. ಹಿಟ್ಟು ಬೀಸ್ತನೆ, ಹೊಡಿಯಲ್ಲ ಬಡಿಯಲ್ಲ. ಇನ್ನೇನ್ ಬೇಕು?"

ನನಗೆ ಏನು ಬೇಕಿತ್ತು? ನನ್ನ ಗಂಡ ಬೇಕಿತ್ತು. ಇಕ್ಕಳ ಮುರಿಯುವ, ಬಾಯಿಗೆ ಬಾಯಿ ಕೊಡುವ, ಮೋಡ ನೋಡು ಬಾ ಎಂದು ಒಲೆಯ ಮುಂದಿನಿಂದ ಎಬ್ಬಿಸುವ ನನ್ನ ಗಂಡ. ಆರು ವರ್ಷದಿಂದ ಅವನು ಬೇಲಿಯಾಚೆ ನಿಂತು ಓಗೊಡುತ್ತಲೇ ಇದ್ದಿರಬಹುದು, ನಾನು ಕರೆಯುತ್ತಲೇ ಇಲ್ಲ. ಇದು ತಲೆಗೆ ಹೊಕ್ಕ ಮೇಲೆ ಹಿತ್ತಿಲ ಬಾಗಿಲ ಮುಂದೆಯೇ ಹಾಸಿಕೊಂಡು ಮಲಗಿದೆ.

ಮರುದಿನ ಮಧ್ಯಾಹ್ನ, ಅವರು ಗಿರಣಿಯಲ್ಲಿದ್ದಾಗ, ಹಿತ್ತಿಲ ಬಾಗಿಲ ಅಗುಳಿ ತೆಗೆದೆ. ತುಕ್ಕು ಹಿಡಿದಿತ್ತು, ಕೊಬ್ಬರಿ ಎಣ್ಣೆ ಬಿಟ್ಟು ತೆಗೆಯಬೇಕಾಯಿತು. ಹೊಸ್ತಿಲ ಮೇಲೆ ನಿಂತು, ಪಕ್ಕದ ಮನೆಗೂ ಕೇಳದಷ್ಟು ಮೆತ್ತಗೆ, "ಗುರುಮಲ್ಲೂ" ಎಂದೆ.

"ಓ, ಬಂದೆ."

ಮುಂಬಾಗಿಲಲ್ಲಿ ಅವರು ನಿಂತಿದ್ದರು. ಮೊಣಕೈವರೆಗೂ ಹಿಟ್ಟು. ಗಿರಣಿ ನಮ್ಮ ಮನೆಯಿಂದ ಅರ್ಧ ಮೈಲಿ ಆಗುತ್ತದೆ.

"ಊಟಕ್ಕೆ ಕರೆದೆ ರೀ" ಎಂದೆ. ಅವರು ಕೈ ತೊಳೆದು ಕೂತು ಉಂಡು ಹೋದರು.

ಎರಡನೇ ದಿನವೂ ಹಾಗೇ. ಮೂರನೇ ದಿನ ಇನ್ನೂ ಬೇಗ ಕರೆದೆ, ಅನ್ನ ಆಗಿರಲಿಲ್ಲ, ತಂಗಳು ಉಂಡು ಹೋದರು. ಹೆದರಿಕೆ ಇತ್ತು ನನಗೆ, ಇಲ್ಲ ಎನ್ನುವುದಿಲ್ಲ. ಆದರೆ ಐದು ಸೆಕೆಂಡಿಗೊಮ್ಮೆ ಕರೆಯುವ ಆ ಡಬ್ಬಿಯನ್ನು ನೆನೆಸಿಕೊಳ್ಳುತ್ತಿದ್ದೆ. ಅದಕ್ಕೆ ನಾಚಿಕೆ ಇಲ್ಲ, ಭಯವಿಲ್ಲ, ಯಾರು ಓಗೊಟ್ಟರೂ ತನ್ನ ಪಾಡಿಗೆ ಮೊದಲನೆಯದನ್ನು ಕರೆಯುತ್ತದೆ. ನಾನು ಒಂದು ಸಲ ಕರೆದು, ಇವರು ಓಗೊಟ್ಟ ಕೂಡಲೇ ನಿಲ್ಲಿಸಿಬಿಡುತ್ತಿದ್ದೆ. ತಪ್ಪು ಅಲ್ಲೇ ಇದೆ ಅನ್ನಿಸಿತು.

ಒಂಬತ್ತನೇ ದಿನ ಅವರು ತಟ್ಟೆಯ ಮುಂದೆ ಕೂತು ಅನ್ನ ಮುಟ್ಟಲಿಲ್ಲ. ನನ್ನ ಮುಖ ನೋಡಿದರು. ಆರು ವರ್ಷದಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದವರಲ್ಲ.

"ಇನ್ನೂ ಎಷ್ಟು ಸಲ ಕರೀತೀಯ?" ಎಂದರು.

ಅವನದೇ ದನಿ. ನನಗೆ ಅಳು ಬಂತು. ಅವರ ಮೇಲೆ ಕನಿಕರವೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ಮೊದಲನೇ ದೀಪ ಹಸಿರಾದಾಗ ಸಿಮ್ಮಿನ ದೀಪ ಮಂಕಾದದ್ದನ್ನು ಅವರೂ ಎಲ್ಲೋ ನಿಂತು ನೋಡಿದ್ದರೋ ಏನೋ. "ಉಣ್ಣಿ, ಆರೋಗ್ತದೆ" ಎಂದೆ. ಉಣ್ಣಲಿಲ್ಲ. ಆ ದಿನದಿಂದ ಅವರು ಗಿರಣಿಗೆ ಹೋಗಲಿಲ್ಲ. ನಡುಮನೆಯಲ್ಲಿ ಗೋಡೆಗೊರಗಿ, ಹಿತ್ತಿಲ ಬಾಗಿಲ ಕಡೆ ಮುಖ ಮಾಡಿ ಕೂತರು.

ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹನ್ನೆರಡು ಗಂಟೆಯ ಬಿಸಿಲಿನಲ್ಲಿ, ಅವರು ನೋಡುತ್ತಿರುವಂತೆಯೇ, ಸೆರಗು ಸಿಕ್ಕಿಸಿಕೊಂಡು ಎದ್ದೆ. ಬಾಗಿಲು ತೆರೆದು, ಊರಿಗೇ ಕೇಳುವ ಹಾಗೆ ಕೂಗಿದೆ.

"ಗುರುಮಲ್ಲೂ!"

"ಓ" ಎಂದರು ಹಿಂದಿನಿಂದ.

ನಾನು ತಿರುಗಲಿಲ್ಲ. "ಗುರುಮಲ್ಲೂ!"

"ಓ."

"ಗುರುಮಲ್ಲೂ!"

"ಓ."

ಬೀದಿಯಲ್ಲಿ ಒಂದೊಂದೇ ಕದ ಹಾಕಿಕೊಳ್ಳುವ ಸದ್ದು ಕೇಳಿಸಿತು. ನಾಲ್ಕು. ಐದು. ಪ್ರತಿ ಸಲವೂ ಅವರು ಒಂದಿಷ್ಟೂ ಬೇಸರವಿಲ್ಲದೆ ಓಗೊಡುತ್ತಿದ್ದರು. ಆರನೆಯದಕ್ಕೆ ನನ್ನ ಗಂಟಲು ಒಡೆಯಿತು. ಏಳನೆಯದಕ್ಕೆ ಅವರ "ಓ" ಮುಗಿದು, ಅದರ ಅಡಿಯಲ್ಲಿ ಇನ್ನೊಂದು ಉಳಿಯಿತು. ತೀರ ಸಣ್ಣದು, ಹುಣಸೆಮರದ ಆಚೆಯದು. "ಓಓ" ಎಂದು ಎಳೆದು ಹೇಳುವ ರೀತಿ ಅವನದು. ಹೊಲದಲ್ಲಿ ಆಡುವಾಗ ಹಾಗೇ ಹೇಳುತ್ತಿದ್ದ.

ನಾನು ಓಡಿದೆ. ಚಪ್ಪಲಿ ಇಲ್ಲ, ಕಾದ ನೆಲ. ಹತ್ತು ಹೆಜ್ಜೆ ಇಟ್ಟಿರಬಹುದು.

"ಮಂಗಳಾ."

ಮನೆಯ ಒಳಗಿನಿಂದ ಅವರು ಕರೆದರು. ಬಂದವರು ಯಾರನ್ನೂ ಕರೆಯುವುದಿಲ್ಲ ಎಂದೆನಲ್ಲ, ಊರಿನ ನೆನಪಿನಲ್ಲಿ ಕರೆದವರಿಲ್ಲ. ಹುಟ್ಟಿದಾಗಿನಿಂದ ಕಲಿತ ಬಾಯಿ ತಾನಾಗಿ ತೆರೆಯಿತು. ಆದರೆ ಓಗೊಟ್ಟರೆ ತಿರುಗಬೇಕು, ತಿರುಗಿದರೆ ಮರದಾಚೆಯ ದನಿ ಮತ್ತೆ ಸಿಗುತ್ತದೋ ಇಲ್ಲವೋ. ಇನ್ನೂ ಎರಡು ಸಲ ಇದೆ ಎಂದುಕೊಂಡೆ. ನಮ್ಮೂರಿನವಳಾಗಿ ನಾನು ಹಾಗೆ ಎಣಿಸಿದೆ, ನೋಡಿ.

ಮರ ದಾಟಿದೆ. ಕಳ್ಳಿಬೇಲಿಯ ಕಂಡಿಯಲ್ಲಿ ಅವನು ನಿಂತಿದ್ದ. ಅದೇ ಅಂಗಿ, ಕೆದರಿದ ಅದೇ ತಲೆ. ಕೈಯಲ್ಲಿ ಇಕ್ಕಳ.

"ಮಂಗಳಾ" ಎಂದರು ಅವರು ಎರಡನೇ ಸಲ.

"ಮಂಗೀ, ತಗಾ" ಎಂದ ಅವನು, ನಗುತ್ತಾ. "ಸರಿ ಮಾಡಿಸ್ಕಂಡು ಬಂದೆ. ಹೊಸ ಹಲ್ಲು ಹಾಕ್ಸಿದ್ದೀನಿ ನೋಡು. ನೀ ಕೂಗಿದ್ದು ಕೇಳುಸ್ತು ಕಣೇ, ಓ ಅಂದೆ, ನಿಂಗೇ ಕೇಳುಸ್ನಿಲ್ಲ. ಆವಾಗಿಂದ ಅಂತಾನೇ ಇದ್ದೀನಿ."

ಸಿಟ್ಟಿನಿಂದ ಹೋದದ್ದಲ್ಲ. ಸರಿಮಾಡಿಸುವುದಕ್ಕೆ ಹೋದದ್ದು. ಆರು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು ಒಮ್ಮೆಲೇ ಉರುಳಿತು. ನಾನು ಅವನ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತೆ, ಅಳುತ್ತಲೇ ಒಂದು ಗುದ್ದು ಗುದ್ದಿದೆ. ಅದೆಷ್ಟು ಹೊತ್ತು? ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಇರಬಹುದು.

"ಮಂಗಳಾ."

ಮೂರನೆಯದು. ನಾನು ತಟ್ಟನೆ ತಿರುಗಿದೆ, ಬಾಯಿ ತೆರೆದೆ, ಅಳುವಿನಿಂದ ಕಟ್ಟಿದ ಗಂಟಲಿನಿಂದ ನನ್ನ "ಓ" ಹೊರಡುವಷ್ಟರಲ್ಲಿ ಮನೆಯ ಮುಂಬಾಗಿಲಿನಿಂದ ನನ್ನದೇ ದನಿ ಹೇಳಿತು.

"ಓ, ಬಂದೆ."

ಬಳೆಯ ಸದ್ದು ಕೇಳಿಸಿತು. ನಡುಮನೆಯಲ್ಲಿ ತಟ್ಟೆ ಇಟ್ಟ ಸದ್ದು. ಆಮೇಲೆ ಯಾರೋ ಬಂದು ಹಿತ್ತಿಲ ಬಾಗಿಲನ್ನು ಮೆತ್ತಗೆ ಮುಚ್ಚಿ ಅಗುಳಿ ಹಾಕಿದರು. ನಾನು ಎಣ್ಣೆ ಬಿಟ್ಟಿದ್ದೆನಲ್ಲ, ಸದ್ದೇ ಆಗಲಿಲ್ಲ.

ಬಾಗಿಲು ಬಡಿಯಲಿಲ್ಲವೇ ಎಂದು ಕೇಳುತ್ತೀರಿ. ಬಡಿದೆ, ಇಬ್ಬರೂ ಬಡಿದೆವು. ಕೈ ನೋಯುತ್ತದೆ, ಸದ್ದು ಬರುವುದಿಲ್ಲ. ಮುಂಬಾಗಿಲಿಗೆ ಬಳಸಿಕೊಂಡು ಹೋಗೋಣವೆಂದರೆ ಎಷ್ಟು ನಡೆದರೂ ಮತ್ತೆ ಇದೇ ಬೇಲಿಯ ಕಂಡಿಗೆ ಬಂದು ನಿಲ್ಲುತ್ತೇವೆ. ಇಲ್ಲಿ ನಾವಿಬ್ಬರೇ ಅಲ್ಲ. ಬೇಲಿಯ ಉದ್ದಕ್ಕೂ ಜನ ಇದ್ದಾರೆ, ತಂತಮ್ಮ ಮನೆಯ ಹಿತ್ತಿಲಿಗೆ ಮುಖ ಮಾಡಿ ನಿಂತಿದ್ದಾರೆ. ಸಿದ್ದಮ್ಮನ ಮಗ ಇನ್ನೂ ಚಡ್ಡಿ ಹಾಕುವ ಹುಡುಗನಾಗಿಯೇ ಇದ್ದಾನೆ, ಕೈಯಲ್ಲಿ ಗಾಳಿಪಟದ ದಾರ. ಯಾರೂ ಕರೆಯದಿದ್ದರೂ ಆಗಾಗ "ಓ" ಎನ್ನುತ್ತಾನೆ. ಕೇಳುವುದಕ್ಕಾಗುವುದಿಲ್ಲ.

ನನಗೆ ಗಂಡ ಸಿಕ್ಕ. ಮಂಗೀ ಮೋಡ ನೋಡು ಎನ್ನುತ್ತಾನೆ, ನೋಡುತ್ತೇನೆ, ಸಾಕಪ್ಪಾ ಸಾಕು ಎನ್ನುವುದಿಲ್ಲ. ಆದರೂ ಸಂಜೆ ನನ್ನ ಮನೆಯ ಹೆಂಚಿನ ಮೇಲೆ ಹೊಗೆ ಏಳುವಾಗ ಹೊಟ್ಟೆ ಉರಿಯುತ್ತದೆ. ಅವಳು ನನ್ನ ಏಣಿ ಹೊತ್ತುಕೊಂಡು ಓಡಾಡುತ್ತಾಳೆ, ಬೇಲಿಯ ಸಂದಿನಿಂದ ಕಾಣಿಸುತ್ತದೆ. ಕೆಲಸ ಚೆನ್ನಾಗಿಯೇ ಮಾಡುತ್ತಾಳೆ. ಯಾರಿಗೂ ಎದುರು ಮಾತಾಡುವುದಿಲ್ಲವಂತೆ, ಬಾಯಿ ಮಾಡುವುದಿಲ್ಲವಂತೆ. ಮಂಗಳವ್ವ ಎಷ್ಟು ಒಳ್ಳೆಯವಳಾಗಿಬಿಟ್ಟಳು ಎಂದು ಶಿವನಂಜಪ್ಪ ಅಂಗಡಿಯಲ್ಲಿ ಹೇಳುತ್ತಿದ್ದದ್ದು ಗಾಳಿಗೆ ಇಲ್ಲಿಯವರೆಗೂ ಬಂತು. ಅವಳು ರೂಟರಿನ ಆ ಗುರುತನ್ನು ತೆಗೆದುಹಾಕಿದ್ದಾಳೋ ಉಳಿಸಿದ್ದಾಳೋ, ಅದು ಮಾತ್ರ ತಿಳಿಯದು.

ನಮ್ಮೂರಿಗೆ ನೀವು ಬಂದರೆ ಹಿಟ್ಟಿನ ಗಿರಣಿಯಿಂದ ಅರ್ಧ ಮೈಲಿ ನಡೆದು, ಹುಣಸೆಮರದ ಮನೆ ಯಾವುದೆಂದು ಕೇಳಿ. ಹಿತ್ತಿಲ ಬಾಗಿಲಿಗೆ ನಿಂತು ನನ್ನ ಹೆಸರು ಕೂಗಿ. ಸರ್ವಮಂಗಳ ಎಂದಾದರೂ ಸರಿ, ಮಂಗಳ ಎಂದಾದರೂ ಸರಿ. ಅವಳು ಒಳಗಿನಿಂದ "ಓ, ಬಂದೆ" ಎನ್ನುತ್ತಾಳೆ, ನಗುತ್ತಾ ಬಾಗಿಲಿಗೂ ಬರುತ್ತಾಳೆ. ಅವಳು ಓಗೊಟ್ಟಳೆಂದು ಕರೆಯುವುದನ್ನು ಮಾತ್ರ ನಿಲ್ಲಿಸಬೇಡಿ.